ಇಳಿಯಲೊಲ್ಲದ ಕಾಮಾಲೆ ಮಾಲೆ

೧

ಎಲ್ಲಿಂದ ಶುರುಮಾಡಲಿ? ಯಕೃತ್ತಿನಿಂದ ಎಂದರೆ ನೀವು ಪುಟ ಮಗುಚುತ್ತೀರಿ. ಭಗವಂತನಿಂದ ಎಂದರೆ ನಿಮ್ಮ ಮಕ್ಕಳು ಮಗುಚುತ್ತಾರೆ. ಗಂಗೆಯ ದಡದ ಕಾಲ್ನಾದಿಂದ ಎಂದರೆ, ಅದು ಬಂಗಾಳದಲ್ಲಿ ಎಲ್ಲಿದೆ ಎಂದು ಫೋನಿನಲ್ಲಿ ಹುಡುಕಲು ಹೋದವರು ಮತ್ತೆ ಈ ಕಥೆಗೆ ಬರುತ್ತಾರೆಂಬ ಧೈರ್ಯ ನನಗಿಲ್ಲ.

ಮೀನಿನಿಂದ ಶುರುಮಾಡುತ್ತೇನೆ. ನಮ್ಮ ಕಡೆ ಪಿತ್ತವೆಂದರೆ ಏನೆಂದು ಮಕ್ಕಳು ಮೊದಲು ಕಲಿಯುವುದು ಮೀನಿನ ಹೊಟ್ಟೆಯಿಂದಲೇ.

(ಮೊದಲ ಕರಡು.) ಪಾರುಲ್ ಬೌದಿ ಈಳಿಗೆಮಣೆಯ ಮುಂದೆ ಕೂತು ರೋಹು ಮೀನಿನ ಹೊಟ್ಟೆ ಸೀಳಿದರು. ಒಳಗೆ ಕಡುಹಸಿರಿನ ಪುಟ್ಟ ಚೀಲ. ಬೆರಳು ಜೋರಾಗಿ ತಾಗಿದರೆ ಒಡೆಯುತ್ತದೆ. ಒಡೆದರೆ ಇಡೀ ಮೀನು ಕಹಿ...

ಇಷ್ಟು ಬರೆದಿದ್ದೆ. ಬೌದಿಯೇ ಬಂದು ನನ್ನ ಮೇಜಿನ ಪಕ್ಕ ನಿಂತರು.

"ಠಾಕುರ್‌ಪೋ, ನಮ್ಮನೇಲಿ ಮೀನು ಹೆಚ್ಚಿದ್ದು ನೀನು ಯಾವತ್ತು ನೋಡಿದೀಯ? ಕೊರಳಲ್ಲಿ ತುಳಸಿಮಣಿ ಹಾಕ್ಕೊಂಡಿರೋ ವೈಷ್ಣವರ ಮನೆ. ನಮ್ಮ ಯಜಮಾನ್ರ ಕಣ್ಣಿಗೆ ಇದು ಬಿದ್ರೆ ಒಂದು ವಾರ ನನ್ನ ಕೈಯಡುಗೆ ಮುಟ್ಟಲ್ಲ."

(ಓಣಿಯ ಲೆಕ್ಕದಲ್ಲಿ ಅವರು ನನಗೆ ಅತ್ತಿಗೆ, ಅಂದರೆ ಬೌದಿ, ನಾನು ಅವರಿಗೆ ಮೈದುನ, ಅಂದರೆ ಠಾಕುರ್‌ಪೋ. ಮೈದುನನನ್ನು ರೇಗಿಸುವುದು ನಮ್ಮಲ್ಲಿ ಅತ್ತಿಗೆಯ ಹಕ್ಕು. ಮೈದುನ ಲೇಖಕನೂ ಆಗಿಬಿಟ್ಟರೆ ಅದು ಹಬ್ಬ.)

ಮೀನನ್ನು ಹೊಡೆದು ಹಾಕಿದೆ.

೧ (ಮೀನಿಲ್ಲದೆ)

ಗೌರ ಗೋಸ್ವಾಮಿಯವರು ಬೌದಿಯ ಗಂಡ. ಓಣಿಗೆಲ್ಲ ಗೌರದಾ, ಎಂದರೆ ಗೌರಣ್ಣ. ಸಂಜೆ ದೇವಸ್ಥಾನದ ನಾಟಮಂದಿರದಲ್ಲಿ, ಎಂದರೆ ಗರ್ಭಗುಡಿಯೆದುರಿನ ಮಂಟಪದಲ್ಲಿ, ಕೂತು ಪದ್ಯ ಓದಿ ಅರ್ಥ ಹೇಳುವುದು ಅವರ ಮನೆತನದ ಕೆಲಸ. ನನಗೆ ಅಕ್ಷರ ಕೂಡುವ ಮೊದಲೇ ಕಿವಿಗೆ ಬಿದ್ದದ್ದು ಅವರ ತಂದೆಯ ದನಿ, ಆಮೇಲೆ ಅವರದು. ರಾಧೆ ಕಾಯುವ ಪದ್ಯ ಬಂದಾಗ ಗೌರದಾ ಒಂದು ಉಸಿರಿನಷ್ಟು ಹೊತ್ತು ನಿಲ್ಲಿಸುತ್ತಾರೆ. ಆ ನಿಲುಗಡೆಗಾಗಿಯೇ ನಾವು ಹೋಗುವುದು. ಹೆಂಗಸರು ಸೆರಗನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ. ಗಂಡಸರು ಕಂಬ ನೋಡುತ್ತಾರೆ.

ಕಾರ್ತಿಕದಲ್ಲಿ ಅವರು ತಪ್ಪು ಜಾಗಗಳಲ್ಲಿ ನಿಲ್ಲಿಸತೊಡಗಿದರು. ಕೃಷ್ಣ ಬೆಣ್ಣೆ ಮೆಲ್ಲುತ್ತಿದ್ದಾನೆ, ಅಲ್ಲಿ ಅಳುವಂಥದ್ದೇನೂ ಇಲ್ಲ. ಗೌರದಾ ನಿಲ್ಲಿಸಿ, ಕಣ್ಣು ಮುಚ್ಚಿ, ಎರಡೂ ತೋಳುಗಳನ್ನು ಉಜ್ಜಿಕೊಂಡರು. ನಾವು ರೋಮಾಂಚನವೆಂದುಕೊಂಡೆವು. ಭಕ್ತಿ ಹಣ್ಣಾದವರಿಗೆ ಹಾಗಾಗುತ್ತದೆಂದು ಅವರೇ ಎಷ್ಟೋ ಸಲ ಅರ್ಥ ಹೇಳಿದ್ದರಲ್ಲ. ಒಬ್ಬ ಮುದುಕರು ಎದ್ದು ಬಂದು ಪಾದ ಮುಟ್ಟಿದರು. ಮರುದಿನ ಮುಂದಿನ ಸಾಲಿನ ಇಬ್ಬರಿಗೂ ರೋಮಾಂಚನವಾಯಿತು. ಸಭೆ ಬೆಳೆಯಿತು. ಪಕ್ಕದ ಓಣಿಯವರೂ ಚಾಪೆ ಹಿಡಿದು ಬಂದರು.

ಅದು ತುರಿಕೆ ಎಂದು ಯಾರಿಗೂ ಹೊಳೆಯಲಿಲ್ಲ. ಹೊಳೆದದ್ದು ಬೌದಿಗೆ. ಬೆಳಗಿನ ಬಿಸಿಲಿನಲ್ಲಿ ಗಂಡನನ್ನು ಅಂಗಳಕ್ಕೆ ಕರೆದು ಕಣ್ಣಿನ ರೆಪ್ಪೆ ಎಳೆದು ನೋಡಿದರಂತೆ. ಅರಿಶಿನದ ನೀರಿನಲ್ಲಿ ಅದ್ದಿದ ಹಾಗಿತ್ತು.

೨

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಕಾಮಾಲೆಗೆ ಮದ್ದು ಆ ಮನೆಯಲ್ಲೇ ಇದೆ.

ಗೋಸ್ವಾಮಿ ಮನೆಗೆ ಪದ್ಯದಷ್ಟೇ ಹೆಸರು ತಂದದ್ದು ಮಾಲೆ. ಶನಿವಾರ, ಮಂಗಳವಾರ ಬೆಳಿಗ್ಗೆ ಹಳದಿ ಕಣ್ಣಿನವರು ಖಾಲಿ ಹೊಟ್ಟೆಯಲ್ಲಿ ಬಂದು ಜಗಲಿಯಲ್ಲಿ ಕೂರುತ್ತಾರೆ. ಬೌದಿ ಹಿತ್ತಲಿನ ಒಂದು ಗಿಡದ ಹಸಿ ಕಡ್ಡಿಯನ್ನು ಬೆರಳ ಗೆಣ್ಣಿನಷ್ಟು ತುಂಡು ಮಾಡಿ, ದಾರದಲ್ಲಿ ಗಂಟು ಹಾಕುತ್ತ ಪುಟ್ಟ ಮಾಲೆ ಕಟ್ಟುತ್ತಾರೆ. ಮೊದಲ ದಿನ ಅದು ನೆತ್ತಿಯ ಮೇಲೆ ಕೂರುವಷ್ಟೇ. ಆಮೇಲೆ ದಿನದಿನಕ್ಕೂ ತಾನೇ ಉದ್ದವಾಗುತ್ತದೆ: ಕಿವಿಗೆ, ಕೊರಳಿಗೆ, ಎದೆಗೆ, ಹೊಕ್ಕುಳಿಗೆ. ಪಾದ ಮುಟ್ಟಿದ ದಿನ ಕಾಮಾಲೆ ಇಳಿಯಿತೆಂದು ಲೆಕ್ಕ. ಮಾಲೆಯನ್ನು ಗಂಗೆಗೆ ಬಿಡುವುದು. ಅಲ್ಲಿಯವರೆಗೆ ಬೇಯಿಸಿದ ಪಪ್ಪಾಯಿಕಾಯಿ, ಕಬ್ಬಿನ ಹಾಲು. ಅರಿಶಿನ ಮುಟ್ಟಬಾರದು, ಜಿಡ್ಡು ಮುಟ್ಟಬಾರದು.

ಬೌದಿ ಗಂಡನ ತಲೆಗೂ ಮಾಲೆಯಿಟ್ಟರು. ಅದು ಶಾಸ್ತ್ರೋಕ್ತವಾಗಿ ಎದೆಯವರೆಗೆ ಇಳಿಯಿತು. ಗೌರದಾ ಅದನ್ನು ಸಭೆಗೆಲ್ಲ ಎತ್ತಿ ತೋರಿಸಿದರು.

ತೊಂದರೆ ಇಷ್ಟೇ: ಮಾಲೆ ಇಳಿಯಿತು, ಹಳದಿ ಇಳಿಯಲಿಲ್ಲ. ತುರಿಕೆ ಹೆಚ್ಚಿತು. ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿತು. ಮಲ ಮಾತ್ರ ಬಣ್ಣವೇ ಇಲ್ಲದೆ, ಬಿಳಿ ಜೇಡಿಯ ಹಾಗೆ. (ಕ್ಷಮಿಸಿ. ಯಕೃತ್ತಿನ ಕಥೆಯಲ್ಲಿ ಇದನ್ನು ಬಿಟ್ಟು ಬರೆಯಲಾಗದು. ಊಟ ಮಾಡುತ್ತಾ ಓದುವವರು ಮುಂದಿನ ಭಾಗದಿಂದ ಸೇರಿಕೊಳ್ಳಬಹುದು.)

ಬೌದಿ ಪೇಟೆಯ ಡಾಕ್ಟರ ಹತ್ತಿರ ಸ್ಕ್ಯಾನ್ ಮಾಡಿಸಿದರು. ಪಿತ್ತನಾಳ ಉಬ್ಬಿದೆ, ಕೆಳತುದಿಯಲ್ಲಿ ಏನೋ ಅಡ್ಡ ಕೂತಿದೆ, ಕಲ್ಲೋ ಗಡ್ಡೆಯೋ ಇಲ್ಲಿ ಕಾಣದು ಎಂದರು ಡಾಕ್ಟರು. ಕಲ್ಕತ್ತೆಯ ದೊಡ್ಡ ಆಸ್ಪತ್ರೆಯಲ್ಲಿ ಬಾಯಿಯಿಂದ ಕೊಳವೆ ಇಳಿಸಿ ದಾರಿ ಬಿಡಿಸಬೇಕು. ಚಳಿಜ್ವರ ಶುರುವಾಗುವ ಮೊದಲೇ ಹೋಗಿ, ಶುರುವಾದರೆ ತಡ ಎಂದು ಎರಡು ಸಲ ಹೇಳಿದರು.

ಗೌರದಾ ಎದೆಯ ಮೇಲಿನ ಮಾಲೆ ಸವರಿಕೊಂಡು, ಇನ್ನು ಹೊಕ್ಕುಳು, ಆಮೇಲೆ ಪಾದ, ಹುಣ್ಣಿಮೆಯ ಹೊತ್ತಿಗೆ ಗಂಗೆ ಎಂದರು.

೩

ಇಲ್ಲಿ ಸ್ವಲ್ಪ ಪಾಠ. ಪರೀಕ್ಷೆಯಿಲ್ಲ, ಹೆದರಬೇಡಿ.

ಪದ್ಯ ಕೇಳಿ ಬೆಳೆದ ಕಿವಿಯಾದ್ದರಿಂದ ಇದನ್ನು ಪದ್ಯದಲ್ಲೇ ಹೇಳೋಣವೆನ್ನಿಸಿತು:

ಹಸಿರು ನೀರದು ಕಹಿಯ ನೀರದು
ಬಸಿದು ಯಕೃತದ ಕೋಶ ಕೋಶದಿ
ನುಸುಳಿ ಕಾಲುವೆ ಸೇರಿ ಕಾಲುವೆ ತುಂಬಿ ಹರಿವುದು ತಾ

ಗೌರದಾಗೆ ಓದಿ ತೋರಿಸಿದೆ. ತೋಳು ಕೆರೆದುಕೊಳ್ಳುತ್ತಲೇ ಕೇಳಿದರು. ನಡಿಗೆ ಪರವಾಗಿಲ್ಲ, ಕೊನೆಯ 'ತಾ' ಯಾಕೆ ಕೂತಿದೆ ಎಂದರು. ಜಾಗ ತುಂಬಲು ಎಂದೆ. ಹಾಗಾದರೆ ಎಬ್ಬಿಸಿ ಕಳಿಸು, ಬೇರೆಯವರು ಕೂರಲಿ ಎಂದರು. ಗದ್ಯಕ್ಕೆ ವಾಪಸಾದೆ.

ಯಕೃತ್ತಿನ ಪ್ರತಿಯೊಂದು ಕೋಶಕ್ಕೂ ಒಂದು ಮಗ್ಗುಲಲ್ಲಿ ರಕ್ತ, ಇನ್ನೊಂದು ಮಗ್ಗುಲಲ್ಲಿ ಕೂದಲಿಗಿಂತ ಎಷ್ಟೋ ಪಾಲು ಸಣ್ಣ ಕಾಲುವೆ. ಕೋಶದ ಗೋಡೆಯಲ್ಲಿ ಪಂಪುಗಳಿವೆ. ಪಿತ್ತದ ಲವಣಗಳನ್ನು, ಹಳೆಯ ಕೆಂಪು ರಕ್ತಕಣಗಳು ಒಡೆದು ಉಳಿದ ಹಳದಿ ಬಣ್ಣವನ್ನು ಅವು ಕಾಲುವೆಗೆ ದೂಡುತ್ತವೆ; ನೀರು ಹಿಂದೆಯೇ ಬರುತ್ತದೆ. ಕಾಲುವೆಗಳು ಕೂಡಿ ನಾಳ, ನಾಳಗಳು ಕೂಡಿ ದೊಡ್ಡ ನಾಳ. ಊಟವಿಲ್ಲದ ಹೊತ್ತಿನಲ್ಲಿ ಪಿತ್ತ ಪಕ್ಕದ ಚೀಲದಲ್ಲಿ ಕೂತು ಗಟ್ಟಿಯಾಗುತ್ತದೆ. ತುಪ್ಪ ಬಿದ್ದ ಅನ್ನ ಹೊಟ್ಟೆ ದಾಟಿತೆಂದು ಸುದ್ದಿ ಬಂದೊಡನೆ ಚೀಲ ಹಿಂಡಿಕೊಳ್ಳುತ್ತದೆ, ಕೆಳಗಿನ ಬಾಗಿಲು ತೆರೆಯುತ್ತದೆ, ಪಿತ್ತ ಕರುಳಿಗಿಳಿದು ಸೋಪಿನ ಹಾಗೆ ಜಿಡ್ಡನ್ನು ಒಡೆಯುತ್ತದೆ. ಆ ಹಳದಿ ಬಣ್ಣವೇ ಮಲಕ್ಕೆ ಕಂದು ಕೊಟ್ಟು ಹೊರಟುಹೋಗುತ್ತದೆ. ಲವಣಗಳು ಹೋಗುವುದಿಲ್ಲ. ಸಣ್ಣ ಕರುಳಿನ ಕೊನೆಯಲ್ಲಿ ಬಹುಪಾಲು ಮತ್ತೆ ರಕ್ತಕ್ಕೆ ಸೇರಿ ಯಕೃತ್ತಿಗೆ ಮರಳುತ್ತವೆ, ಮತ್ತೆ ಪಂಪು, ಮತ್ತೆ ಕಾಲುವೆ. ದಿನಕ್ಕೆ ಹಲವು ಸುತ್ತು. ಬೆಳಗಿನ ಸಂಕೀರ್ತನೆಯ ತಂಡ ಊರು ಸುತ್ತಿ ಹೊರಟಲ್ಲಿಗೇ ಬಂದು ನಿಲ್ಲುವ ಹಾಗೆ.

ಸಂಕೀರ್ತನೆ ಗೌರದಾಗೆ ಹಿಡಿಸಿತು. ಮುಂದೆ ಯಾರೋ ಓಣಿಗೆ ಅಡ್ಡ ಕಟ್ಟಿದರೆ ಏನಾಗುತ್ತದೆ ಎಂದು ಅವರೇ ಕೇಳಿದರು.

ಹಿಂದಿನವರಿಗೆ ಅದು ಗೊತ್ತಾಗುವುದಿಲ್ಲ ಗೌರದಾ, ಅವರು ಹಾಡುತ್ತಾ ಬರುತ್ತಲೇ ಇರುತ್ತಾರೆ ಎಂದೆ. ನೂಕುನುಗ್ಗಲಾಗುತ್ತದೆ. ನಾಳ ಉಬ್ಬುತ್ತದೆ. ಬಣ್ಣ ರಕ್ತಕ್ಕೆ ಹಿಂದಿರುಗಿ ಕಣ್ಣಿಗೂ ಮೂತ್ರಕ್ಕೂ ಹತ್ತುತ್ತದೆ, ಕರುಳಿಗೆ ಸಿಗುವುದಿಲ್ಲ. ಪಿತ್ತದಲ್ಲಿ ಹೋಗಬೇಕಾದದ್ದು ರಕ್ತದಲ್ಲಿ ಸುತ್ತಿ ಮೈಯೆಲ್ಲ ತುರಿಸುತ್ತದೆ. ಕೋಶ ಸುಮ್ಮನೆ ಕೂರುವುದಿಲ್ಲ: ಒಳಗೆ ತೆಗೆದುಕೊಳ್ಳುವುದನ್ನು ಕಡಿಮೆ ಮಾಡುತ್ತದೆ, ರಕ್ತದ ಕಡೆಯ ಹಿಂಬಾಗಿಲ ಪಂಪುಗಳನ್ನು ಹೆಚ್ಚಿಸಿ ಹೊರೆ ಇಳಿಸಿಕೊಳ್ಳುತ್ತದೆ. ಅದೂ ಸಾಲದಾದಾಗ ಜಿಡ್ಡು ಒಡೆಯಬೇಕಾದ ಸೋಪು ಕೋಶದ ಸ್ವಂತ ಗೋಡೆಯನ್ನೇ ಒಡೆಯತೊಡಗುತ್ತದೆ. ಗಾಯ, ಗಾಯದ ಮೇಲೆ ಕಲೆ. ಬಹಳ ಕಾಲ ಹೀಗೇ ಇದ್ದರೆ ಯಕೃತ್ತು ಗಂಟುಗಂಟಾಗಿ ಗಟ್ಟಿಯಾಗುತ್ತದೆ. ನಿಂತ ನೀರಿಗೆ ಸೋಂಕು ಹತ್ತಿದರಂತೂ ಅಷ್ಟು ಕಾಲವೂ ಸಿಗುವುದಿಲ್ಲ.

ಗೌರದಾ ಬಹಳ ಶ್ರದ್ಧೆಯಿಂದ ಕೇಳಿದರು. ಚೆನ್ನಾಗಿ ಹೇಳಿದೆ, ಯಾರಿಗೆ ಹೀಗಾಗಿದೆ ಎಂದು ವಿಚಾರಿಸಿದರು.

೪

ಬೌದಿಗೆ ಬೇಕಾದದ್ದು ಒಂದೇ: ಜ್ವರ ಬರುವ ಮೊದಲು ಗಂಡ ಕಲ್ಕತ್ತೆಯ ರೈಲು ಹತ್ತಬೇಕು.

(ಕರಡು ಅ.) ನಾನೇ ಹೋಗಿ ಒಪ್ಪಿಸಿದೆ. ಗೌರದಾರ ಎದುರು ಕೂತೆ. ಬಾಯಿ ತೆರೆಯುವಷ್ಟರಲ್ಲಿ ಅವರು ಒಂದು ಪದ್ಯ ಎತ್ತಿಕೊಂಡರು. ಕೇಳಿ ರೂಢಿಯಾದ ಮೈ, ಕೈ ತಾನಾಗಿ ಮುಗಿಯಿತು. ಎರಡು ಗಂಟೆ ಅರ್ಥ ಕೇಳಿ, ಪ್ರಸಾದ ತಿಂದು, ತೃಪ್ತನಾಗಿ ಮನೆಗೆ ಬಂದೆ.

(ಕರಡು ಆ.) ಗೌರದಾ ಒಪ್ಪಿದರು.

ಲೇಖಕನಿಗೆ ಇಷ್ಟು ಅಧಿಕಾರ ಇರಬೇಡವೇ? ಬೌದಿ ಆ ಸಾಲನ್ನು ಓದಿ ನಕ್ಕರು. "ಅವರು ಇಷ್ಟು ಸಲೀಸಾಗಿ ಒಪ್ಪೋರಾಗಿದ್ರೆ ನಮ್ಮ ಅಡುಗೆಮನೆ ಕಿಟಕಿ ಹೋದ ವರ್ಷವೇ ರಿಪೇರಿ ಆಗ್ತಿತ್ತು."

ಆಮೇಲೆ ನಗು ನಿಂತಿತು. "ಕಾಯಿಲೆ ಕೊಡೋಕೆ ನಿನಗೆ ಒಂದು ಸಾಲು ಸಾಕಾಯ್ತು, ಠಾಕುರ್‌ಪೋ. ವಾಸಿ ಮಾಡೋಕೆ ಯಾಕೆ ಇಷ್ಟು ಒದ್ದಾಡ್ತೀಯ?"

ಕರಡು ಆ-ವನ್ನು ಹೊಡೆದು ಹಾಕಿದೆ. ಆಗ ನಾನು ಕೇಳದ ಒಂದು ಸಂಗತಿಯನ್ನು ಬೌದಿಯೇ ಹೇಳಿದರು.

ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಮಾಲೆ ಕಟ್ಟುವುದನ್ನು ಕಲಿಸಿದರು. ಒಂದು ಮಂಗಳವಾರ ಯಾರಿಗೋ ಮಾಲೆ ಕಟ್ಟಿಟ್ಟರೆ ಆ ರೋಗಿ ಒಯ್ಯಲು ಬರಲೇ ಇಲ್ಲ. ಬೌದಿ ಅದನ್ನು ಅಡುಗೆಮನೆಯ ಮೊಳೆಗೆ ತಗುಲಿಹಾಕಿ ಮರೆತರು. ಕೆಲವು ದಿನ ಬಿಟ್ಟು ನೋಡಿದರೆ ಮಾಲೆ ಗೋಡೆಯುದ್ದಕ್ಕೂ ಇಳಿದು ನೆಲ ಮುಟ್ಟುವುದರಲ್ಲಿತ್ತು. ಹಾಕುವುದು ಜಾರುಗಂಟು, ಹಸಿ ಕಡ್ಡಿ ಒಣಗಿ ಸಣಕಲಾದಂತೆ ಗಂಟು ಸಡಿಲಿ ದಾರ ಬಿಟ್ಟುಕೊಳ್ಳುತ್ತದೆ. ಮೊಳೆಗೆ ಕಾಮಾಲೆ ಇರಲಿಲ್ಲ.

ಬೌದಿ ಯಾರಿಗೂ ಹೇಳಲಿಲ್ಲ. ಹೇಳಿ ಏನು ಮಾಡುವುದು? ಬಂದವರು ಗುಣವಾಗುತ್ತಿದ್ದುದಂತೂ ನಿಜ. ನಮ್ಮ ಕಡೆಯ ಕಾಮಾಲೆ ಹೆಚ್ಚಿನದು ಕೆಟ್ಟ ನೀರಿನದು. ಪಥ್ಯದಲ್ಲಿದ್ದು ಮಲಗಿದರೆ ಯಕೃತ್ತು ಬಹುಮಟ್ಟಿಗೆ ತಾನೇ ಚೇತರಿಸಿಕೊಳ್ಳುತ್ತದೆ. ಮಾಲೆಯ ಗಂಟು ಸಡಿಲುವುದಕ್ಕೂ ಅದಕ್ಕೂ ಹೆಚ್ಚುಕಮ್ಮಿ ಅಷ್ಟೇ ಕಾಲ. ಗುಣವಾದವರು ಬಾಳೆಹಣ್ಣು ಹಿಡಿದು ಬರುತ್ತಾರೆ. ಆಗದವರು ದೂರು ಹೇಳಲು ಬರುವುದಿಲ್ಲ.

ಈಗ ಒಬ್ಬರು ಮನೆಯೊಳಗೇ ಇದ್ದರು.

ಹೇಳಿಬಿಡಿ ಬೌದಿ, ಕಥೆಗೆ ಒಳ್ಳೆಯ ತಿರುವು ಎಂದೆ. ಅವರು ನನ್ನನ್ನು ನೋಡಿದ ರೀತಿಗೆ ಆ ದಿನ ಮತ್ತೇನೂ ಬರೆಯಲಾಗಲಿಲ್ಲ.

೫

ಈ ಭಾಗದಲ್ಲಿ ನಾನು ಏನೂ ಮಾಡಿಲ್ಲ. ಪಾತ್ರಗಳೇ ಮಾಡಿಕೊಂಡವು.

ಶುಕ್ರವಾರ ಗೌರದಾ ಎದೆ ಕೆರೆದುಕೊಳ್ಳುವಾಗ ಉಗುರು ಸಿಕ್ಕಿ ಮಾಲೆ ಹರಿಯಿತು. ಹರಿದರೆ ಹೊಸದು ಕಟ್ಟಬೇಕು, ಮತ್ತೆ ನೆತ್ತಿಯಿಂದ ಶುರು. ಶನಿವಾರ ಬೆಳಿಗ್ಗೆ ಬೌದಿ ಹಿತ್ತಲಿಗೆ ಹೋಗಲಿಲ್ಲ. ಅಟ್ಟದಲ್ಲಿ ಒಣಗಿ ಕಟ್ಟಿಗೆಯಾಗಿದ್ದ ಹಳೆಯ ಕಡ್ಡಿ ತೆಗೆದು, ಪ್ರತಿ ತುಂಡಿಗೂ ಹಲ್ಲಿನಿಂದೆಳೆದು ಬಿಗಿಗಂಟು ಹಾಕಿದರು.

ಆ ಮಾಲೆ ಇಳಿಯಲಿಲ್ಲ. ಸೋಮವಾರವೂ ನೆತ್ತಿ, ಬುಧವಾರವೂ ನೆತ್ತಿ. ಗೌರದಾ ಅದನ್ನು ಹೊತ್ತೇ ಓದಲು ಕೂತರು. ಮುದುಕರು ಕಿರೀಟ ಚೆನ್ನಾಗಿದೆ ಎಂದರು. ನವಿಲುಗರಿಯೊಂದೇ ಬಾಕಿ ಎಂದು ಇನ್ನೊಬ್ಬರು. ಬೌದಿ ಗಂಡನಿಗೆ, ಮಾಲೆ ನೆತ್ತಿ ಬಿಟ್ಟು ಇಳಿಯದಿದ್ದರೆ ಅದು ಮಾಲೆಗೆ ಬಗ್ಗುವ ಕಾಮಾಲೆಯಲ್ಲ, ದೊಡ್ಡಾಸ್ಪತ್ರೆಗೆ ಒಯ್ಯಬೇಕೆಂದು ಅತ್ತೆ ಹೇಳುತ್ತಿದ್ದರು ಎಂದರು. (ಅತ್ತೆ ಹಾಗೆ ಹೇಳಿದ್ದು ಈ ಕಥೆಯಲ್ಲಿ ಎಲ್ಲಿಯೂ ಇಲ್ಲ. ಹುಡುಕಬೇಡಿ. ಬೌದಿಯೇ ಬರೆದುಕೊಂಡ ಸಾಲು ಅದು, ನನ್ನ ಸಾಲುಗಳಿಗಿಂತ ಚೆನ್ನಾಗಿದೆ.)

ಉಪಾಯ ಫಲಿಸಬೇಕಿತ್ತು. ಆದರೆ ಭಕ್ತರ ತಲೆ ಬೇರೆ ದಾರಿಯಲ್ಲಿ ಓಡುತ್ತದೆ. ಮಾಲೆಯಲ್ಲಿ ದೋಷ ಇರಲಾರದು, ಆದ್ದರಿಂದ ದೋಷ ತನ್ನಲ್ಲೇ ಎಂದು ಗೌರದಾ ತೀರ್ಮಾನಿಸಿದರು. ರೋಮಾಂಚನ ಎಂದು ಜನ ಪಾದ ಮುಟ್ಟಿದಾಗ ಒಳಗೊಳಗೇ ಹಿಗ್ಗಿದೆನಲ್ಲ, ಅದೇ ಕಾರಣ ಎಂದರು. ಮಾಲೆ ಇಳಿಯುವವರೆಗೆ ಅನ್ನ ಮುಟ್ಟುವುದಿಲ್ಲ, ನೀರೂ ಒಂದೇ ಹೊತ್ತು ಎಂದು ಸಂಕಲ್ಪ ಮಾಡಿ ಪೂಜೆಯ ಕೋಣೆಯಲ್ಲಿ ಚಾಪೆ ಹಾಸಿದರು.

ಗುರುವಾರ ಮಧ್ಯಾಹ್ನ ಅವರಿಗೆ ಸಣ್ಣಗೆ ಚಳಿ ಹಿಡಿಯಿತು.

ಬೌದಿ ಪೂಜೆಯ ಕೋಣೆಯ ಹೊಸ್ತಿಲ ಮೇಲೆ ಕೂತರು. ನಾನು ಆಚೆ ಕೋಣೆಯಲ್ಲಿದ್ದೆ; ಕೇಳಿಸಿದ್ದನ್ನು ಕೇಳಿಸಿದಂತೆ ಬರೆಯುತ್ತೇನೆ.

"ಮಾಲೆ ನಿಮ್ಮ ಪಾಪದಿಂದ ನಿಂತಿಲ್ಲ. ನಾನು ಬಿಗಿಯಾಗಿ ಕಟ್ಟಿದೀನಿ."

ಒಳಗೆ ಗೌರದಾ ತೋಳು ಕೆರೆದುಕೊಳ್ಳುವ ಸದ್ದು.

"ಮೊದಲಿನದು ಇಳಿದಿದ್ದೂ ನಿಮ್ಮ ಪುಣ್ಯದಿಂದಲ್ಲ. ಜಾರುಗಂಟು ಅದು. ಮೊಳೆಗೆ ಹಾಕಿದ್ರೂ ಇಳಿಯುತ್ತೆ. ನಾನು ಹಾಕಿ ನೋಡಿದೀನಿ."

ಬಹಳ ಹೊತ್ತು. ಅವರು ಓದುವಾಗ ನಿಲ್ಲಿಸುತ್ತಿದ್ದ ಯಾವ ನಿಲುಗಡೆಯೂ ಅಷ್ಟು ಉದ್ದವಿರಲಿಲ್ಲ.

"ಅಮ್ಮನಿಗೆ ಗೊತ್ತಿತ್ತಾ?"

"ನಾನು ಕೇಳ್ಲಿಲ್ಲ. ಅವರು ಹೇಳ್ಲಿಲ್ಲ."

"ಹಾಗಾದ್ರೆ ಇಷ್ಟು ಜನ ವಾಸಿಯಾಗಿದ್ದು?"

"ಅವರವರ ಲಿವರು ತಾನೇ ವಾಸಿ ಮಾಡ್ಕೊಳ್ತು."

"ಲಿವರಿಗೆ ಹೇಳಿದ್ದು ಯಾರು?"

ನಾನು ಗೋಡೆಗೆ ಕಿವಿ ಕೊಟ್ಟೆ. ಈ ಪ್ರಶ್ನೆಗೆ ನನ್ನ ಪಂಪು, ಕಾಲುವೆ, ನಾಳ ಯಾವುದರಲ್ಲಿಯೂ ಉತ್ತರವಿಲ್ಲ. ಗೌರದಾ ಗೆದ್ದರು, ಇನ್ನು ಎದ್ದೇಳುವುದಿಲ್ಲ ಎಂದುಕೊಂಡೆ.

"ಯಾರು ಹೇಳಿದ್ರೋ ಅವರೇ," ಎಂದರು ಬೌದಿ, "ನಿಮ್ಮನ್ನ ಕಲ್ಕತ್ತೆಗೆ ಕರ್ಕೊಂಡು ಹೋಗು ಅಂತ ನನಗೆ ಹೇಳಿದಾರೆ."

"ನಿನಗಾ? ಯಾವಾಗ?"

"ನೀವು ಮಾಲೆ ಹರ್ಕೊಂಡ್ರಲ್ಲ, ಆಗ. ನನಗೂ ಒಂದೊಂದು ಸಲ ಕೇಳಿಸುತ್ತೆ. ನಿಮ್ಮಷ್ಟು ದೊಡ್ಡ ದನಿ ಇಲ್ಲ, ಸಭೆ ಸೇರಲ್ಲ, ಅಷ್ಟೇ."

ಚಾಪೆ ಸುತ್ತುವ ಸದ್ದಾಯಿತು. ಆಮೇಲೆ ಗೌರದಾ, ರೈಲಿನಲ್ಲಿ ತಿನ್ನಲು ಮಂಡಕ್ಕಿ ಕಟ್ಟಿಕೋ ಎಂದರು. ಕಲ್ಕತ್ತೆಯವರ ಮಂಡಕ್ಕಿ ಮೆತ್ತಗಂತೆ.

೭

(ಆರನೆಯ ಭಾಗದಲ್ಲಿ ರೈಲು ಪ್ರಯಾಣವಿತ್ತು. ಬಹಳ ಸುಂದರವಾಗಿ ಬರೆದಿದ್ದೆ. ಬೌದಿ, ಅವರಿಗೆ ಜ್ವರ ಏರ್ತಿದೆ, ನೀನು ಕಿಟಕಿಯಾಚೆ ಬಣ್ಣಿಸ್ತಾ ಕೂತಿದೀಯಲ್ಲ ಎಂದರು. ತೆಗೆದುಹಾಕಿದೆ.)

ಆಸ್ಪತ್ರೆಯಲ್ಲಿ ಬೈಗುಳ ಸಿಕ್ಕಿತು, ಸಲೈನ್ ಸಿಕ್ಕಿತು, ಸೋಂಕಿಗೆ ಔಷಧ ಶುರುವಾಯಿತು. ಇನ್ನು ಎರಡು ದಿನ ತಡೆದಿದ್ದರೆ ಎಂದು ಶುರುಮಾಡಿದ ಚಿಕ್ಕ ಡಾಕ್ಟರಮ್ಮ ಬೌದಿಯ ಮುಖ ನೋಡಿ ಆ ವಾಕ್ಯ ಮುಗಿಸಲಿಲ್ಲ. (ವಾಕ್ಯ ಎಲ್ಲಿ ನಿಲ್ಲಿಸಬೇಕೆಂದು ಬಲ್ಲವರು ಎಲ್ಲ ಕಡೆಯೂ ಇದ್ದಾರೆ. ನಾನು ಅವರಿಂದ ಕಲಿಯಬೇಕು.) ಬೆಳಿಗ್ಗೆ ಗೌರದಾರನ್ನು ಗಾಲಿಮಂಚದಲ್ಲಿ ಒಳಗೆ ಕರೆದೊಯ್ದರು. ಹೋಗುವಾಗ ಅವರು ಪಕ್ಕದ ಮಂಚದವರಿಗೆ ಯಾವುದೋ ಪದ್ಯದ ಅರ್ಥ ಹೇಳುತ್ತಿದ್ದರು. ಬಾಗಿಲು ಮುಚ್ಚಿತು, ಅರ್ಥ ಅರ್ಧಕ್ಕೆ ನಿಂತಿತು.

ಈಗ ಮುಕ್ತಾಯಗಳು. ನಿಮಗೆ ಬೇಕಾದದ್ದು ಆರಿಸಿಕೊಳ್ಳಿ.

(ಒಂದು.) ಕಲ್ಲು. ಕಡಲೆಬೇಳೆಯಷ್ಟು. ಕೊಳವೆಯ ತುದಿಯ ಪುಟ್ಟ ಬುಟ್ಟಿಯಲ್ಲಿ ಹಿಡಿದು ಹೊರಗೆಳೆದರು. ಕಟ್ಟಿದ್ದ ಪಿತ್ತ ಹರಿದು ಬಂತು. ಕೆಲವು ವಾರಗಳಲ್ಲಿ ಕಣ್ಣು ಬಿಳುಪಾಯಿತು. ಹೋಳಿ ಹುಣ್ಣಿಮೆಗೆ ಗೌರದಾ ನಾಟಮಂದಿರದಲ್ಲಿ ಸರಿಯಾದ ಜಾಗದಲ್ಲಿ ನಿಲ್ಲಿಸಿದರು. ಸಭೆ ಅರ್ಧಕ್ಕಿಳಿಯಿತು, ರೋಮಾಂಚನಕ್ಕೆ ಬಂದವರು ಬೇರೆಲ್ಲೋ ಹೋದರು.

(ಎರಡು.) ಗಡ್ಡೆ. ಅದರ ನಡುವೆ ದಾರಿ ಬಿಡಿಸಿ ಸಣ್ಣ ನಳಿಗೆ ಕೂರಿಸಿದರು. ಪಿತ್ತ ಹರಿಯಿತು, ತುರಿಕೆ ನಿಂತಿತು, ಊಟ ಸೇರಿತು. ಎಷ್ಟು ಕಾಲ ಎಂದು ಬೌದಿ ಕೇಳಲಿಲ್ಲ, ಡಾಕ್ಟರು ಹೇಳಲಿಲ್ಲ. ಗೌರದಾ ಊರಿಗೆ ಬಂದು ರಾಧೆ ಕಾಯುವ ಭಾಗವನ್ನು ಮತ್ತೆ ಮೊದಲಿನಿಂದ ಎತ್ತಿಕೊಂಡರು.

(ಮೂರು.)

"ಮೂರನೇದು ಏನು?" ಇನ್ನೂ ಮುಚ್ಚಿದ್ದ ಆ ಬಾಗಿಲ ಎದುರಿನ ಬೆಂಚಿನಲ್ಲಿ ಪಕ್ಕ ಕೂತಿದ್ದ ಬೌದಿ ನನ್ನ ಭುಜದ ಮೇಲಿನಿಂದ ಬಗ್ಗಿ ಓದುತ್ತಿದ್ದರು.

ಇನ್ನೂ ಗೊತ್ತಿಲ್ಲ ಬೌದಿ, ಯೋಚಿಸುತ್ತಿದ್ದೇನೆ ಎಂದೆ. ಮೊದಲನೆಯದನ್ನೇ ಇಟ್ಟುಕೊಳ್ಳೋಣವೇ ಎಂದೂ ಕೇಳಿದೆ. ಅದು ನನ್ನ ಕೈಯಲ್ಲೇ ಇತ್ತು. ಒಂದು ಸಾಲು.

"ನೀನು ಕಲ್ಲು ಅಂತ ಬರೆದ ಮಾತ್ರಕ್ಕೆ ಒಳಗೆ ಕಲ್ಲಾಗುತ್ತಾ?"

ಇಲ್ಲ ಎಂದೆ.

"ಹಂಗಾದ್ರೆ ಅದೂ ನನ್ನ ಮಾಲೆ ಥರವೇ. ಬರೀಬೇಡ."

ನಾನು ಪೆನ್ನು ಹಿಡಿದೇ ಇದ್ದೆ. ಓದುಗರು ಕಾಯುತ್ತಾರೆ ಬೌದಿ ಎಂದೆ.

"ನಾನೂ ಕಾಯ್ತಿದೀನಲ್ಲ," ಎಂದು ಅವರು ಬೆಂಚಿನ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದರು. "ಅವರೂ ಬಂದು ಕೂತ್ಕೊಳ್ಳಲಿ."